ಬ್ಯಾರನ್ನಿನೊಳಗೆ ಮಾವನವರ ಬೈಕು

ಮದುವೆಯಾದಾಗಿನಿಂದ ನನಗೂ ನನ್ನ ಮಾವನವರಿಗೂ ನಡೆಯುತ್ತಿದ್ದದ್ದು ಒಂದೇ ಮಾತುಕತೆ. "ಬಂದ್ರಾ?" ಎಂದು ಅವರು, "ಬಂದೆ" ಎಂದು ನಾನು. "ನಿಮ್ ಕಡೆ ಮಳೆ ಆಯ್ತಾ?" ಎಂದು ಅವರು, "ಆಯ್ತು" ಎಂದೋ "ಇಲ್ಲ" ಎಂದೋ ನಾನು. ಅಲ್ಲಿಗೆ ಮುಗಿಯಿತು. ಅವರದು ಎಚ್.ಡಿ. ಕೋಟೆ ಕಡೆಯ ಹಳ್ಳಿ, ನಾವು ಬೆಟ್ಟದಪುರದ ಹತ್ತಿರ ಹೊಗೆಸೊಪ್ಪು ಬೆಳೆಯುವವರು. ಜಗಳವೇನೂ ಇರಲಿಲ್ಲ. ಆಡಲು ವಿಷಯ ಇರಲಿಲ್ಲ, ಅಷ್ಟೆ. ಊಟವಾದ ಮೇಲೆ ಜಗಲಿಯಲ್ಲಿ ಕೂತು ಇಬ್ಬರೂ ರಸ್ತೆಯನ್ನು ಬಹಳ ಗಮನವಿಟ್ಟು ನೋಡುತ್ತಿದ್ದೆವು.

ಹಾಗೆ ನೋಡುತ್ತಿದ್ದಾಗಲೇ ಒಂದು ಮಧ್ಯಾಹ್ನ ಅವರು ಹೇಳಿದರು, "ಕೊಟ್ಟಿಗೇಲಿರೋ ಗಾಡೀನ ಗುಜರಿಗೆ ಕೊಟ್ಬುಡೋಣ ಅಂತಿದೀನಿ. ಇನ್ನೊಂದು ಹಸ ತರ್ಬೇಕು, ಕಟ್ಟಾಕೆ ಜಾಗ ಇಲ್ಲ."

ಗಾಡಿ ಎಂದರೆ ಅವರ ಬೈಕು. ಒಂದು ಕಾಲದಲ್ಲಿ ಮೈಸೂರಿನಲ್ಲೇ ತಯಾರಾಗುತ್ತಿತ್ತಲ್ಲ, ಎರಡು ಸೈಲೆನ್ಸರ್, ಒದ್ದು ಸ್ಟಾರ್ಟ್ ಮಾಡಿದ ಕಿಕ್ಕರನ್ನೇ ಮುಂದಕ್ಕೆ ಮಡಚಿದರೆ ಗೇರು, ಆ ಬೈಕು. ಎಷ್ಟೋ ವರ್ಷದಿಂದ ನಿಂತಲ್ಲೇ ನಿಂತಿತ್ತು. ಹ್ಯಾಂಡಲಿಗೆ ಹಗ್ಗ ನೇತುಹಾಕಿದ್ದರು. ಸೀಟಿನ ಮೇಲೆ ಕೋಳಿ ಕಾವಿಗೆ ಕೂತಿತ್ತು.

"ನಾನು ತಗೊಂಡೋಗಿ ರೆಡಿ ಮಾಡ್ಲಾ?" ಅಂದೆ. ಯಾಕೆ ಅಂದೆನೋ ಗೊತ್ತಿಲ್ಲ. ಬಾಯಿಂದ ಬಂದುಬಿಟ್ಟಿತ್ತು.

"ನಿಮ್ಗೆ ಬರ್ತದಾ?"

"ಬರ್ತದೆ."

ನನಗೆ ಬರುತ್ತಿದ್ದದ್ದು ಪಂಪ್‌ಸೆಟ್ಟಿಗೆ ವಾಷರ್ ಹಾಕುವುದು ಮತ್ತು ಔಷಧಿ ಹೊಡೆಯುವ ಮೆಷೀನಿನ ಪ್ಲಗ್ ಒರೆಸುವುದು. ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ತನ್ನಪ್ಪನಿಗೆ ಎಚ್ಚರಿಕೆ ಕೊಟ್ಟಳು, "ಅಪ್ಪ, ಇವ್ರು ನಮ್ಮನೆ ಮಿಕ್ಸಿ ಬಿಚ್ಚಿದ್ರು. ಅದು ಇನ್ನೂ ಬಿಚ್ಕಂಡೇ ಕೂತದೆ."

ಅತ್ತೆಯವರ ಚಿಂತೆ ಬೇರೆ. ಮೊಟ್ಟೆಯೊಡೆದು ಮರಿ ಬರುವವರೆಗೆ ಬೈಕನ್ನು ಮುಟ್ಟುವ ಹಾಗಿಲ್ಲ ಎಂದರು. ಹೀಗಾಗಿ ನನ್ನ ಮೆಕ್ಯಾನಿಕ್ ಜೀವನ ಒಂದು ಕೋಳಿಯ ಅನುಮತಿಗಾಗಿ ಕಾದು ಕೂತಿತು. ಮರಿಗಳು ಇಳಿದ ಮೇಲೆ ಗೂಡ್ಸ್ ಆಟೋದಲ್ಲಿ ಬೈಕನ್ನು ಊರಿಗೆ ತಂದೆ.

ಇಡಲು ಜಾಗಕ್ಕೇನೂ ಕೊರತೆಯಿರಲಿಲ್ಲ. ಹೊಗೆಸೊಪ್ಪನ್ನು ಬಿಸಿಗಾಳಿಯಲ್ಲಿ ಬೇಯಿಸಿ ಒಣಗಿಸುವ ಕೆಲಸ ಮುಗಿದು, ಪಿರಿಯಾಪಟ್ಟಣದ ಹರಾಜೂ ಮುಗಿದು, ನಮ್ಮ ಬ್ಯಾರನ್ ಖಾಲಿ ಬಿದ್ದಿತ್ತು. ಕಿಟಕಿಯಿಲ್ಲದ, ಎತ್ತರದ, ಗೋಡೆಗೆಲ್ಲ ಹೊಗೆಸೊಪ್ಪಿನ ವಾಸನೆ ಹಿಡಿದ ಕೋಣೆ ಅದು. ನೆಲಕ್ಕೆ ಗೋಣಿಚೀಲ ಹಾಸಿ, ಬಾಗಿಲು ತೆರೆದಿಟ್ಟು ಬಿಚ್ಚಲು ಕೂತೆ.

ಬಿಚ್ಚುವುದು ಸುಖದ ಕೆಲಸ. ಯಾವ ನಟ್ಟೂ ಸುಲಭವಾಗಿ ಬರಲಿಲ್ಲ, ಆದರೂ ಬಂದಾಗ ಏನನ್ನೋ ಗೆದ್ದ ಹಾಗೆ. ಒಂದು ಸೈಲೆನ್ಸರಿನೊಳಗೆ ಕಣಜ ಮಣ್ಣಿನ ಮನೆ ಕಟ್ಟಿತ್ತು. ಕಾರ್ಬ್ಯುರೇಟರಿನಲ್ಲಿ ಹಳೆಯ ಪೆಟ್ರೋಲು ಜೋನಿಬೆಲ್ಲದ ಹಾಗೆ ಅಂಟಿಕೊಂಡಿತ್ತು. ಫೋನಿನಲ್ಲಿ ಹಿಂದಿಯ ವಿಡಿಯೋ ನೋಡುತ್ತಿದ್ದೆ. ನನಗೆ ಹಿಂದಿ ಬರುವುದಿಲ್ಲ, ಆದರೆ ಸ್ಪ್ಯಾನರ್ ಯಾವ ಕಡೆ ತಿರುಗುತ್ತದೆ ಎಂದು ತಿಳಿಯಲು ಹಿಂದಿ ಯಾಕೆ ಬೇಕು. ಸಿಗದ ಸಾಮಾನಿಗೆ ಮೈಸೂರಿಗೆ ಹೋಗಿ ಹಳೆ ಗಾಡಿಗಳ ಅಂಗಡಿಯಲ್ಲಿ ಹುಡುಕಿ ತರುತ್ತಿದ್ದೆ.

ಅಷ್ಟರಲ್ಲಿ ಇನ್ನೊಂದು ವಿಚಿತ್ರ ಶುರುವಾಗಿತ್ತು. ಮಾವನವರು ನನಗೆ ದಿನಾ ಫೋನ್ ಮಾಡತೊಡಗಿದರು.

"ಕಾರ್ಬ್ಯುರೇಟರ್ ಹೆಂಗದೆ?" ಎಂದು ಕೇಳುತ್ತಿದ್ದರು. ಜ್ವರ ಬಂದ ಮೊಮ್ಮಗುವನ್ನು ವಿಚಾರಿಸುವ ದನಿಯಲ್ಲಿ.

"ಪರವಾಗಿಲ್ಲ. ಇವತ್ತು ತೊಳ್ದೆ."

"ಬಿಸ್ಲಲ್ಲಿ ಇಡ್ಬೇಡಿ ಮತ್ತೆ."

ಹೆಂಡತಿಗೆ ಇದು ಸಹಿಸಲಾಗಲಿಲ್ಲ. "ಮಗಳು ಬದುಕವ್ಳಾ ಅಂತನಾದ್ರೂ ಕೇಳಿದ್ರಾ?" ಎಂದು ಕೇಳಿದಳು. ಕೇಳಿರಲಿಲ್ಲ. ಮಾರನೆಯ ದಿನ ನಾನೇ ಅವರಿಗೆ ನೆನಪಿಸಿದೆ. "ಓ, ಅವಳು ಚೆನ್ನಾಗವ್ಳಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ, ಹಿಂದಿನ ಬ್ರೇಕಿನ ವಿಷಯಕ್ಕೆ ಬಂದರು.

ಅವಳೂ ಸುಮ್ಮನೆ ಕೂರಲಿಲ್ಲ. ಒಂದು ಬೆಳಿಗ್ಗೆ ಬ್ಯಾರನ್ನಿಗೆ ಹೋದರೆ ಹುಣಸೆಹಣ್ಣು ಹಾಕಿ ಪೆಟ್ರೋಲ್ ಟ್ಯಾಂಕಿನ ಹೊಳಪು ಪಟ್ಟಿಯನ್ನು ಉಜ್ಜುತ್ತಾ ಕೂತಿದ್ದಳು. "ನಿಮ್ಗೋಸ್ಕರ ಅಲ್ಲ" ಎಂದು ನಾನು ಕೇಳುವ ಮೊದಲೇ ಹೇಳಿದಳು. ಚಿಕ್ಕವಳಿದ್ದಾಗ ಆ ಟ್ಯಾಂಕಿನ ಮೇಲೆ ಕೂತು ಅಪ್ಪನ ಜೊತೆ ಹುಣಸೂರಿನ ತನಕ ಹೋಗುತ್ತಿದ್ದಳಂತೆ. ಕಣ್ಣಿಗೆ ಧೂಳು ಬೀಳದಿರಲಿ ಎಂದು ಮಾವನವರು ಅವಳಿಗೆ ತಮ್ಮ ಕನ್ನಡಕ ಹಾಕುತ್ತಿದ್ದರಂತೆ. ಅದರಲ್ಲಿ ದಾರಿಯೆಲ್ಲ ಮಂಜುಮಂಜಾಗಿ ಕಾಣುತ್ತಿತ್ತು, ಆದರೂ ತೆಗೆಯುತ್ತಿರಲಿಲ್ಲ ಎಂದಳು. ಇಷ್ಟು ವರ್ಷದಲ್ಲಿ ಇದನ್ನು ನನಗೆ ಹೇಳಿಯೇ ಇರಲಿಲ್ಲ.

ಕೊನೆಗೆ ಎಲ್ಲ ಸೇರಿಸಿದೆ. ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಿ ಒದೆಯತೊಡಗಿದೆ. ಕಾಲು ಸೋತು ಇನ್ನು ಸಾಕು ಅನ್ನುವಷ್ಟರಲ್ಲಿ ಎಂಜಿನ್ ಒಮ್ಮೆ ಕೆಮ್ಮಿ, ಹತ್ತಿಕೊಂಡಿತು. ಬ್ಯಾರನ್ ತುಂಬ ಬಿಳಿ ಹೊಗೆ. ಹರಾಜೆಲ್ಲ ಮುಗಿದ ಮೇಲೆ ಯಾರು ಸೊಪ್ಪು ಬೇಯಿಸುತ್ತಿದ್ದಾರೆ ಎಂದು ಅಕ್ಕಪಕ್ಕದವರು ಓಡಿಬಂದರು. ಬಂದವರು ಅಲ್ಲೇ ನಿಂತರು. ನಾನು ಬೈಕನ್ನು ಅಂಗಳಕ್ಕೆ ತಂದು, ಮತ್ತೆ ಸ್ಟಾರ್ಟ್ ಮಾಡಿ, ಎಲ್ಲರೂ ನೋಡುತ್ತಿದ್ದಾರೆಂದು ಖಾತ್ರಿ ಮಾಡಿಕೊಂಡು, ಮೊದಲನೇ ಗೇರ್ ಹಾಕಿ ಕ್ಲಚ್ ಬಿಟ್ಟೆ.

ಬೈಕು ಹಿಂದಕ್ಕೆ ಹೊರಟಿತು.

ನಾನು ಮುಂದೆ ನೋಡುತ್ತಾ, ಮುಂದೆ ನಿಂತಿದ್ದ ಜನರಿಂದ ದೂರವಾಗುತ್ತಾ, ರಾಗಿಹುಲ್ಲಿನ ಮೆದೆಯೊಳಕ್ಕೆ ಹೋದೆ. ಇದಕ್ಕೆ ರಿವರ್ಸ್ ಗೇರೇ ಇಲ್ಲ. ಏನೋ ತಪ್ಪಾಗಿದೆ ಎಂದು ಹುಲ್ಲು ಕೊಡವಿಕೊಂಡು ಎದ್ದು ಇನ್ನೊಮ್ಮೆ ಪ್ರಯತ್ನಿಸಿದೆ. ಇನ್ನೊಮ್ಮೆಯೂ ಮೆದೆಯೊಳಗೇ ಹೋದೆ. ಪಕ್ಕದ ಮನೆಯ ಹಿರಿಯರು "ಚೆನ್ನಾಗೇ ಓಡ್ತದೆ ಬುಡಿ" ಎಂದು ಸಮಾಧಾನ ಹೇಳಿದರು. ಹೆಂಡತಿ ಮೆಟ್ಟಿಲ ಮೇಲೆ ಕೂತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು, ನಕ್ಕು ನಕ್ಕು.

"ಮೈಸೂರಿಗೆ ಹೋಗ್ಬೇಕು ಅಂದ್ರೆ ಮಡಿಕೇರಿ ಕಡೀಕೆ ಮೊಕ ಮಾಡ್ಕಂಡು ಕೂತ್ಕಳಿ" ಅಂದಳು.

ನಾನು ಮೈ ತೊಳೆದುಕೊಂಡು ಬರುವಷ್ಟರಲ್ಲಿ ಅವಳ ಅಪ್ಪನಿಗೆ ಸುದ್ದಿ ಮುಟ್ಟಿತ್ತು. ಫೋನನ್ನು ನನ್ನ ಕೈಗೆ ಕೊಟ್ಟಳು. "ಕಿಡಿ ಹುಟ್ಟಿಸೋ ಪಾಯಿಂಟ್ ಸರಿಯಾಗಿ ಕೂತಿಲ್ಲ. ಬೆಂಕಿ ಕಿಡಿ ಮುಂಚೇನೇ ಬಿದ್ರೆ ಎಂಜಿನ್ ಉಲ್ಟಾ ತಿರುಗ್ತದೆ. ನಾಳೆ ಬತ್ತೀನಿ" ಅಂದರು.

ಎಚ್.ಡಿ. ಕೋಟೆಯಲ್ಲಿ ಒಂದು ಬಸ್ಸು, ಹುಣಸೂರಿನಲ್ಲಿ ಇನ್ನೊಂದು ಬಸ್ಸು ಹತ್ತಿ ಬಂದರು. ಕೈಚೀಲದಲ್ಲಿ ಒಂದು ಸೈಕಲ್ ಸ್ಪೋಕು ಇತ್ತು. ನೀರೂ ಕುಡಿಯದೆ ನೇರ ಬ್ಯಾರನ್ನಿಗೆ ಹೋದರು. ಪ್ಲಗ್ ಬಿಚ್ಚಿದ ತೂತಿನೊಳಗೆ ಸ್ಪೋಕು ಇಳಿಸಿ, ಪಿಸ್ಟನ್ ಎಷ್ಟು ಮೇಲೆ ಬರುತ್ತದೆಂದು ನೋಡಬೇಕು. ಹಾಗೆ ಬರುವಾಗ ಪಾಯಿಂಟಿನ ನಡುವೆ ಸಿಕ್ಕಿಸಿದ ತೆಳುಕಾಗದ ಎಲ್ಲಿ ಸಡಿಲವಾಗುತ್ತದೋ ಅಲ್ಲೇ ಕಿಡಿ ಬೀಳುವುದು. ಆ ಜಾಗವನ್ನು ಸರಿಮಾಡಬೇಕು. ಇಷ್ಟು ವಿವರಿಸಿ, "ಸಿಗರೇಟ್ ಪ್ಯಾಕಿನ ಒಳಗಿನ ಕಾಗದಾನೇ ಆಗ್ಬೇಕು" ಎಂದು ಹೇಳುತ್ತಾ ಅಂಗಿಯ ಒಳಜೇಬಿಗೆ ಕೈಹಾಕಿ ಪ್ಯಾಕು ತೆಗೆದರು.

ಹೆಂಡತಿ ಕಾಫಿ ಹಿಡಿದು ಅಲ್ಲೇ ನಿಂತಿದ್ದಳು. ಅವರು ಡಾಕ್ಟರ್ ಹೇಳಿದ ಮೇಲೆ ಸಿಗರೇಟ್ ಬಿಟ್ಟಿದ್ದಾರೆಂದು ನಮ್ಮೆಲ್ಲರಿಗೂ ಗೊತ್ತಿತ್ತು.

"ಗಾಡಿಗೆ ಅಂತ ತಂದಿದ್ದು ಕಣವ್ವ" ಅಂದರು ಮಾವನವರು, ತಲೆಯೆತ್ತದೆ.

ಅವಳು ಪ್ಯಾಕನ್ನು ತೆಗೆದುಕೊಂಡು ತೆರೆದು ನೋಡಿದಳು. "ಗಾಡಿ ಅರ್ಧ ಸೇದ್ಬುಟ್ಟದೆ" ಎಂದು ಹೇಳಿ, ಕಾಗದವನ್ನಷ್ಟೇ ಅವರಿಗೆ ಕೊಟ್ಟು ಮಿಕ್ಕದ್ದನ್ನು ಒಳಗೆ ತೆಗೆದುಕೊಂಡು ಹೋದಳು.

ಮೊದಲ ಸಲ ಅವರು ಸರಿಮಾಡಿದ್ದರಲ್ಲಿ ಬೈಕು ಸ್ಟಾರ್ಟೇ ಆಗಲಿಲ್ಲ. ಹಿಂದಕ್ಕಾದರೂ ಹೋಗುತ್ತಿತ್ತಲ್ಲ ಎಂದು ನಾನು ಮೆಲ್ಲಗೆ ಅಂದೆ. ಅವರಿಗೆ ಸಿಟ್ಟು ಬಂತು. ನಾನು ಸ್ಪೋಕನ್ನು ಓರೆಯಾಗಿ ಹಿಡಿದಿದ್ದೆನಂತೆ. ಅವರೇ ಕಾಗದವನ್ನು ಮಡಚಿ ಇಟ್ಟಿದ್ದರು ಎಂದು ನಾನು. ದನಿ ಏರಿತು. ಮಾವ ಅಳಿಯ ಜಗಳವಾಡಿದ್ದು ಅದೇ ಮೊದಲು, ಮತ್ತು ನಿಜ ಹೇಳಬೇಕೆಂದರೆ ಇಬ್ಬರಿಗೂ ಹಿತವಾಗಿತ್ತು. ಹೆಂಡತಿ ಬಾಗಿಲಲ್ಲಿ ಇಣುಕಿ ವಾಪಸ್ ಹೋದಳು. ಮತ್ತೆ ಬಿಚ್ಚಿದೆವು, ಮತ್ತೆ ಅಳೆದೆವು. ಈ ಸಲ ಎಂಜಿನ್ ಹತ್ತಿದಾಗ ಅದರ ಸದ್ದೇ ಬೇರೆಯಾಗಿತ್ತು, ನಯವಾಗಿ, ತಾಳ ತಪ್ಪದೆ.

ಮಾವನವರು ಪಂಚೆ ಎತ್ತಿಕಟ್ಟಿ ಹತ್ತಿದರು. ಬೈಕು ಮುಂದಕ್ಕೇ ಹೋಯಿತು. ರಸ್ತೆಗಿಳಿದು, ಬೆಟ್ಟದಪುರದ ಕಡೆ ತಿರುಗಿ, ಕಣ್ಮರೆಯಾಯಿತು. ಬಹಳ ಹೊತ್ತಾದರೂ ಅವರು ಬರಲಿಲ್ಲ. ನಾನು ರಸ್ತೆಗೂ ಮನೆಗೂ ಓಡಾಡಿದೆ. ಹೆಂಡತಿ ನಗುವುದನ್ನು ನಿಲ್ಲಿಸಿದ್ದಳು. ಇನ್ನು ನೋಡಲು ಹೋಗೋಣ ಎನ್ನುವಾಗ ನಿಧಾನವಾಗಿ ಬಂದರು, ಹ್ಯಾಂಡಲಿನಲ್ಲಿ ಬೋಂಡದ ಪೊಟ್ಟಣ ನೇತಾಡುತ್ತಿತ್ತು.

ಮಾರನೆಯ ದಿನ ಅವರನ್ನು ಬೈಕಿನಲ್ಲೇ ಊರಿಗೆ ಬಿಡುವುದೆಂದಾಯಿತು. ಹೆಂಡತಿ ಬಸ್ಸಿನಲ್ಲಿ ಬರುತ್ತೇನೆಂದಳು. "ಮೂವರಲ್ಲಿ ಯಾರಾದ್ರೂ ಒಬ್ರು ಊಟದ ಹೊತ್ತಿಗೆ ತಲುಪ್ಬೇಕಲ್ಲ" ಎಂಬುದು ಅವಳ ಲೆಕ್ಕ. ಅವಳು ಅಂದುಕೊಂಡಂತೆಯೇ ಹುಣಸೂರು ದಾಟಿದ ಮೇಲೆ ಬೈಕು ನಿಂತಿತು. ಆಯಿಲ್ ಜಾಸ್ತಿಯಾಗಿ ಪ್ಲಗ್ ಮಸಿಯಾಗಿತ್ತು. ಮರದ ಕೆಳಗೆ ಕೂತು ಅದನ್ನು ಒರೆಸುತ್ತಿದ್ದಾಗ ಕೋಟೆ ಬಸ್ಸು ಹೋಯಿತು. ಕಿಟಕಿಯಲ್ಲಿ ಅವಳು ಗಂಭೀರವಾಗಿ ಕೈಮುಗಿದಳು.

ಬಸ್ಸು ಹೋದ ಮೇಲೆ ಮಾವನವರು ಹೇಳಿದರು, "ಒಂದ್ಸಲ ಅಕ್ಕಿಮೂಟೆ ಇಟ್ಕಂಡು ಬರೋವಾಗ ಜಾರ್ಬುಟ್ಟಿದ್ದೆ. ಆಮೇಲೆ ಓಡಿಸ್ಲೇ ಇಲ್ಲ. ಮನೇಲಿ ಪೆಟ್ರೋಲ್ ಬಾಳ ಕುಡೀತದೆ ಅಂದಿದ್ದೆ. ಹೆದ್ರುಕೆ ಕಣ್ರೀ ನಂಗೆ."

"ನಿನ್ನೆ ಹೋದ್ರಲ್ಲ?"

"ಹೋದೆ. ಬೆಟ್ಟದಪುರದ ತಾವ ನಿಲ್ಸ್ದೆ. ವಾಪಸ್ ಹತ್ತಾಕೆ ಧೈರ್ಯ ಬರೋಗಂಟ ಟೀ ಕುಡೀತಾ ಕೂತಿದ್ದೆ. ಮಗಳಿಗೆ ಹೇಳ್ಬೇಡಿ."

ಹೇಳುವುದಿಲ್ಲ ಅಂದೆ. ಪ್ಲಗ್ ಹಾಕಿದೆ. ಅವರೇ ಓಡಿಸುತ್ತೇನೆಂದರು, ನಾನು ಹಿಂದೆ ಕೂತೆ. ಎತ್ತಿನಗಾಡಿಯೊಂದು ನಮ್ಮನ್ನು ಹಿಂದೆ ಹಾಕುವ ಹಾಗಿತ್ತು.

ನಾವು ತಲುಪುವಾಗ ಊಟ ಆರಿತ್ತು. ಅತ್ತೆಯವರು ಬೈಕನ್ನು ನೋಡಿದರು, ಗಂಡನನ್ನು ನೋಡಿದರು, "ಕಾಲು ತೊಳ್ಕಳಿ" ಅಂದರು. ಊಟ ಮಾಡುತ್ತಲೇ ಪೆಟ್ರೋಲಿಗೆ ಎಷ್ಟು ಆಯಿಲ್ ಬೆರೆಸಬೇಕೆಂಬ ಚರ್ಚೆ ಶುರುವಾಯಿತು. ನಾನು ಜಾಸ್ತಿ ಹಾಕಿದ್ದೇನೆ ಎಂದು ಅವರು, ಕಡಿಮೆಯಾದರೆ ಎಂಜಿನ್ ಹಿಡಿದುಕೊಳ್ಳುತ್ತದೆ ಎಂದು ನಾನು. ಕೈ ತೊಳೆದ ಮೇಲೂ ನಿಲ್ಲಲಿಲ್ಲ. ತಾಯಿ ಮಗಳು ಟಿವಿ ಮುಂದೆ ಕೂತಿದ್ದರು.

"ಇಬ್ರೂ ಆಚೀಕೋಗಿ ಮಾತಾಡಿ" ಅಂದರು ಅತ್ತೆಯವರು. "ಧಾರಾವಾಹಿ ಒಂಚೂರೂ ಕೇಳಿಸ್ತಾ ಇಲ್ಲ."