ಮೀಟರಿಗೊಂದು ಹಸಿರು ಬೆಳಕು

“ಮನೇಲಿ ಯಜಮಾನ್ರನ್ನ ಒಂದ್ ಮಾತು ಕೇಳ್ಬಿಡಿ ಮೇಡಂ. ಆಮೇಲೆ ಈ ಬಣ್ಣ ಯಾಕೆ ಹಾಕಿಸ್ದೆ ಅಂದ್ರೆ ಮತ್ತೆ ಎಲ್ಲಾ ಬಿಚ್ಚಬೇಕಾಯ್ತದೆ,” ಎಂದರು ಅರಸೀಕೆರೆಯ ಕಾರ್ ಎಲೆಕ್ಟ್ರಿಷಿಯನ್.

ನನ್ನ ಕಾರಿನ ಡ್ಯಾಶ್‌ಬೋರ್ಡಿನಿಂದ ಬಿಚ್ಚಿದ ಮೀಟರ್ ಅವರ ತೊಡೆಯ ಮೇಲಿತ್ತು. ಅದರ ಕೆಂಪು ಬೆಳಕು ಕಣ್ಣು ನೋಯಿಸುತ್ತಿದ್ದುದರಿಂದ ಬದಲಾಯಿಸಲು ಹಳೇಬೀಡಿನಿಂದ ಬಂದಿದ್ದೆ. ಅವರು ನೀಲಿ, ಬಿಳಿ, ಹಸಿರು ಬಲ್ಬುಗಳನ್ನು ಒಂದೊಂದಾಗಿ ಉರಿಸಿ ತೋರಿಸಿದ್ದರು. ನನಗೆ ಹಸಿರು ಹಿಡಿಸಿತ್ತು.

ನನಗೀಗ ಐವತ್ತೆರಡು. ಮದುವೆಯಾಗಿಲ್ಲ, ಒಬ್ಬಳೇ ಇರುತ್ತೇನೆ. ಅದನ್ನು ಹೇಳಬಹುದಿತ್ತು, ಹೇಳಲಿಲ್ಲ. ಅಂಗಡಿಯ ಬಾಗಿಲಾಚೆ ಹೋಗಿ, ಯಾರಿಗೂ ಕರೆ ಮಾಡದೆ ಫೋನನ್ನು ಕಿವಿಗಿಟ್ಟುಕೊಂಡೆ. ಒಳಗಿದ್ದವರಿಗೆ ಕೇಳಲಿ ಎಂದು, “ಹಸಿರು ಚೆನ್ನಾಗಿದೆ ಕಣ್ರೀ, ಹಾಕಿಸ್ಲಾ?” ಎಂದೆ. ಆಮೇಲೆ, ನಿಜವಾಗಿಯೂ ಉತ್ತರ ಬರುತ್ತದೇನೋ ಎಂಬಂತೆ ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದೆ.

ಒಳಗೆ ಬಂದು, “ಹಸಿರೇ ಆಗ್ಲಿ ಅಂದ್ರು” ಎಂದೆ.

“ಪುಣ್ಯವಂತ್ರು ಬಿಡಿ ಮೇಡಂ. ನಮ್ಮನೇಲಿ ಇಷ್ಟ್ ಬೇಗ ಯಾವ್ದುಕ್ಕೂ ಒಪ್ಪಲ್ಲ,” ಎಂದು ನಗುತ್ತಾ ಅವರು ಹಸಿರು ಬಲ್ಬುಗಳನ್ನು ಕೂರಿಸಿದರು. ನಾನೂ ನಕ್ಕೆ.

ವಾಪಸ್ ಬರುವಾಗ ಜಾವಗಲ್ ದಾಟುವಷ್ಟರಲ್ಲಿ ಸಂಜೆಯಾಯಿತು, ಲೈಟ್ ಹಾಕಿದೆ. ಕಣ್ಣಿಗೆ ಹಿತವಾಗಿತ್ತು. ಸುಳ್ಳು ಹೇಳಿದೆನೆಂದು ನಾಚಿಕೆಯಾಗಲಿಲ್ಲ. ಯಾರನ್ನೂ ಕೇಳದೆ ಎಲ್ಲವನ್ನೂ ನಾನೇ ನಿರ್ಧರಿಸುತ್ತೇನೆಂದು ಇಷ್ಟು ವರ್ಷ ಹೆಮ್ಮೆಪಡುತ್ತಿದ್ದೆ. ಒಬ್ಬರನ್ನು ಒಂದು ಮಾತು ಕೇಳುವುದು ಎಷ್ಟು ಚೆಂದವೆಂದು ತಿಳಿದದ್ದು ಆ ದಿನ, ಕೇಳಲು ಯಾರೂ ಇಲ್ಲದಾಗ.