ಮಾವನೂ ನಾನೂ ಮಾಡಿದ ಗುರಾಣಿ

ಅವರ ಬಲಗೈ ಹೆಬ್ಬೆರಳಿನ ಉಗುರು ನಟ್ಟನಡುವೆ ಸೀಳಿತ್ತು. ಯಾವಾಗಲೋ ಉಳಿ ಜಾರಿ ಆದ ಗಾಯವಂತೆ. ಆಮೇಲೆ ಆ ಉಗುರು ಎರಡು ಹೋಳಾಗಿಯೇ ಬೆಳೆಯಿತು. ಆ ಸೀಳಿನಲ್ಲಿ ಒಣಗಿದ ಬಿಳಿ ಗೋಂದು ಸದಾ ಕೂತಿರುತ್ತಿತ್ತು. ಊಟಕ್ಕೆ ಮೊದಲು ಬಚ್ಚಲಲ್ಲಿ ನಿಂತು ಅದನ್ನು ಪಿನ್ನಿನಿಂದ ಕೆರೆಯುವರು. "ಸಾರು ಆರೋಯ್ತದೆ, ಬರ್ತೀರೋ ಇಲ್ವೋ" ಎಂದು ಅತ್ತೆ ಅಡುಗೆಮನೆಯಿಂದ ಕೂಗುವರು. "ಬಂದೆ, ಬಂದೆ" ಅನ್ನುತ್ತಲೇ ಇನ್ನೈದು ನಿಮಿಷ ಕೆರೆಯುವರು. ಆ ಮನೆಯ ಸೊಸೆಯಾಗಿದ್ದ ಆರು ವರ್ಷ ನಾನು ದಿನವೂ ಇದನ್ನು ನೋಡಿದ್ದೇನೆ.

ಅವರು ನನ್ನ ಗಂಡನಾಗಿದ್ದವನ ತಂದೆ. ಈಗ ಏನೆಂದು ಕರೆಯಬೇಕೋ ತಿಳಿಯದು. ಬಾಯಿಗೆ ಬರುವುದು ಮಾವ ಅಂತಲೇ.

ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಎರಕದವರಿಗೆ ಮರದ ಅಚ್ಚು ಮಾಡಿಕೊಡುವುದು ಅವರ ಕೆಲಸವಾಗಿತ್ತು. ಕಬ್ಬಿಣ ಹೊಯ್ಯುವ ಮೊದಲು ಅದೇ ಆಕಾರವನ್ನು ಮರದಲ್ಲಿ ಕೆತ್ತಬೇಕು. ಮರದಲ್ಲಿ ಕೂದಲೆಳೆಯಷ್ಟು ತಪ್ಪಿದರೆ ಅದೇ ತಪ್ಪು ಕಬ್ಬಿಣದಲ್ಲೂ ಇಳಿಯುತ್ತದೆ. ನಿವೃತ್ತರಾದ ಮೇಲೆ ಮನೆಯ ಹಿತ್ತಲಲ್ಲಿ ತಗಡಿನ ಸೂರು ಹಾಕಿಸಿ, ಒಂದು ಬೆಂಚು ಇಟ್ಟುಕೊಂಡು, ಅಕ್ಕಪಕ್ಕದವರ ಮಣೆ, ಸ್ಟೂಲು, ದೇವರ ಮಂಟಪ ರಿಪೇರಿ ಮಾಡುತ್ತಿದ್ದರು.

ನಾನು ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುವವಳು. ಒಂದು ಬೇಸಿಗೆ ರಜೆಯಲ್ಲಿ ಫೋನಿನಲ್ಲಿ ವೈಕಿಂಗರ ಗುರಾಣಿಯೊಂದರ ಚಿತ್ರ ಕಂಡೆ. ದುಂಡನೆಯ ಮರದ ಗುರಾಣಿ, ಕೆಂಪು ಕಪ್ಪು ಬಣ್ಣ, ನಡುವೆ ಬೋಗುಣಿ ಬೋರಲಿಟ್ಟಂಥ ಕಬ್ಬಿಣದ ಗುಬ್ಬ. ಯಾಕೋ ಬಹಳ ಹಿಡಿಸಿತು. ಹಿತ್ತಲಿಗೆ ಹೋಗಿ ಮಾವನಿಗೆ ತೋರಿಸಿದೆ.

"ಇದೇನಮ್ಮ, ಗಾಡಿ ಚಕ್ರವಾ?"

"ಗುರಾಣಿ ಮಾವ. ವೈಕಿಂಗರು ಅಂತ, ಉತ್ತರದ ಸಮುದ್ರದ ಕಡೆಯವರು. ಹಡಗಲ್ಲಿ ಬಂದು ಊರು ಲೂಟಿ ಮಾಡ್ತಿದ್ರು. ಹಾಲಿನ ಗೋಡೆಗೆ ಇಂಥದೊಂದು ಮಾಡಿ ಹಾಕಿದ್ರೆ ಚೆನ್ನಾಗಿರಲ್ವಾ?"

"ಕಳ್ಳರ ಸಾಮಾನು ನಮ್ಮ ಹಾಲಿಗಾ!" ಎಂದು ನಕ್ಕರು. ಆದರೆ ಫೋನು ಹಿಂದಕ್ಕೆ ಕೊಡಲಿಲ್ಲ. ಚಿತ್ರವನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದರು. "ಏಳು ಹಲಗೆ ಜೋಡಿಸವ್ರೆ. ಒಳ್ಳೆ ಕೆಲಸ ಕಣಮ್ಮ. ನಾನು ಮಾಡ್ಕೊಡಲ್ಲ. ನೀನು ಮಾಡು, ನಾನು ಪಕ್ಕದಲ್ಲಿರ್ತೀನಿ."

ಆ ಮನೆಯಲ್ಲಿ ಹೆಂಗಸರು ಯಾರೂ ಆ ಬೆಂಚನ್ನು ಮುಟ್ಟಿದ್ದಿಲ್ಲ. ಅತ್ತೆ ಬಾಗಿಲಿಗೆ ಬಂದು, "ಹೆಣ್ಮಗಳ ಕೈಗೆ ಗರಗಸ ಕೊಟ್ಬುಟ್ಟು ಏನ್ ಮಾಡ್ಸೀರಿ?" ಎಂದರು.

"ಅಷ್ಟು ಮಕ್ಕಳನ್ನ ಬಾಯಿ ಮುಚ್ಚಿಸಿ ಕೂರಿಸ್ತಾಳೆ. ಗರಗಸ ಮಾತು ಕೇಳಲ್ವಾ?" ಎಂದರು ಮಾವ.

ಕಾರ್ಖಾನೆಗೆ ಮೆಷಿನ್ನು ಬರುತ್ತಿದ್ದ ಪೈನ್ ಪೆಟ್ಟಿಗೆಗಳ ಹಲಗೆ ಅವರ ಹತ್ತಿರ ಇತ್ತು. ಏಳು ಹಲಗೆಯ ಅಂಚನ್ನು ಕೀಸುಳಿಯಿಂದ ನೇರ ಮಾಡುವುದಕ್ಕೇ ನನಗೆ ನಾಲ್ಕು ದಿನ ಹಿಡಿಯಿತು. ಎರಡು ಹಲಗೆಯನ್ನು ಅಂಚಿಗೆ ಅಂಚು ಸೇರಿಸಿ ಬಿಸಿಲಿಗೆ ಎತ್ತಿ ಹಿಡಿಯಬೇಕು. ನಡುವೆ ಬೆಳಕು ಕಂಡರೆ ಮತ್ತೆ ಕೀಸಬೇಕು. ನನ್ನ ಕಣ್ಣಿಗೆ ಏನೂ ಕಾಣದಿದ್ದಾಗಲೂ ಅವರು, "ಬೆಳಕು ಬಂತು ಕಣಮ್ಮ, ಕೀಸು" ಅನ್ನುತ್ತಿದ್ದರು.

"ಇಷ್ಟನ್ನ ಗೋಂದು ಮುಚ್ಚಲ್ವಾ ಮಾವ? ಸ್ವಲ್ಪ ಅಡ್ಜಸ್ಟ್ ಮಾಡಿ."

"ಅಡ್ಜಸ್ಟು ಗಿಡ್ಜಸ್ಟು ಎಲ್ಲಾ ಆ ಬಾಗಿಲಿಂದ ಒಳಗಡೆ. ಈ ಬೆಂಚಿನ ಮೇಲೆ ಇಲ್ಲ."

ಹಲಗೆಗೆ ಗೋಂದು ಬಳಿದು, ಹಗ್ಗ ಬಿಗಿದು, ಬೆಣೆ ಹೊಡೆದು ಎರಡು ದಿನ ಬಿಟ್ಟೆವು. ಮೊಳೆಗೆ ದಾರ ಕಟ್ಟಿ ಪೆನ್ಸಿಲಿನಿಂದ ದುಂಡು ಗೆರೆ ಎಳೆದೆ, ಗೆರೆಯ ಮೇಲೆ ಕೊಯ್ದೆ. ನಡುವಿನ ಗುಬ್ಬಕ್ಕೆ ಅತ್ತೆ ಮೂಲೆಗೆ ಹಾಕಿದ್ದ ಒಗ್ಗರಣೆ ಬಾಣಲೆ ಸಿಕ್ಕಿತು; ಅದರ ಕಿವಿ ಎರಡನ್ನೂ ಕತ್ತರಿಸಿ ಬೋರಲು ಕೂರಿಸಿದೆವು. ಅಂಚಿಗೆ ಹೊಲಿಯುವ ಚರ್ಮದ ಪಟ್ಟಿಗೆ ಇಬ್ಬರೂ ಬಸ್ಸು ಹತ್ತಿ ಲಷ್ಕರ್ ಮೊಹಲ್ಲಾಕ್ಕೆ ಹೋದೆವು. ಚಪ್ಪಲಿ ಅಂಗಡಿಯವರು ಯಾವುದಕ್ಕೆ ಎಂದು ಕೇಳಿದಾಗ ಮಾವ ಗಂಭೀರವಾಗಿ, "ನಮ್ಮ ಸೊಸೆ ಯುದ್ಧಕ್ಕೆ ಹೊರಟವಳೆ" ಎಂದರು. ಬರುವಾಗ ದಾರಿಯುದ್ದಕ್ಕೂ ಅದನ್ನೇ ನೆನೆದು ನಗುತ್ತಿದ್ದರು.

ಗುರಾಣಿ ಹಾಲಿನ ಗೋಡೆ ಏರಿತು. ಬಂದವರೆಲ್ಲ ಕೇಳುವರು. ನನ್ನ ಗಂಡ, "ನಮ್ಮಪ್ಪಂದು ಕೈ ಕೆಲಸ" ಎಂದರೆ, ಮಾವ ಪೇಪರಿನಿಂದ ತಲೆ ಎತ್ತಿ, "ನಂದಲ್ಲ. ಅವಳು ಮಾಡಿದ್ದು. ನಾನು ಹಲಗೆ ಹಿಡ್ಕೊಂಡಿದ್ದೆ ಅಷ್ಟೆ" ಎಂದು ಪ್ರತಿ ಸಲವೂ ತಿದ್ದುತ್ತಿದ್ದರು. ಅಷ್ಟು ಸಣ್ಣ ವಿಷಯದಲ್ಲೂ ಇನ್ನೊಬ್ಬರ ಪಾಲು ಇಟ್ಟುಕೊಳ್ಳದ ಮನುಷ್ಯ. ನನ್ನ ಸ್ವಂತ ಅಪ್ಪ ಕೂಡ ನನ್ನ ಬಗ್ಗೆ ನಾಲ್ಕು ಜನರ ಮುಂದೆ ಹಾಗೆ ಮಾತಾಡಿದವರಲ್ಲ.

ಗಂಡ ಕೈ ಮಾಡುತ್ತಿದ್ದ. ಮದುವೆಯಾದ ಎರಡನೇ ವರ್ಷದಿಂದಲೇ ಶುರು. ರೂಮಿನ ಬಾಗಿಲು ಹಾಕಿಕೊಂಡು ಹೊಡೆಯುತ್ತಿದ್ದ. ಆ ಮನೆಯ ಗೋಡೆಗಳು ತೆಳು. ಹಾಲಿನಲ್ಲಿ ಕೂತವರಿಗೆ ಕೇಳದೆ ಇರಲು ಸಾಧ್ಯವಿಲ್ಲ. ಬೆಳಿಗ್ಗೆ ಮಾವ ನನ್ನ ಮುಖ ನೋಡದೆ, "ಇವತ್ತು ಒಂದು ಸ್ಟೂಲು ಐತೆ, ಬರ್ತೀಯಾ?" ಎಂದು ಬೆಂಚಿಗೆ ಕರೆಯುತ್ತಿದ್ದರು. ಅದನ್ನೇ ನಾನು ಸಮಾಧಾನ ಎಂದುಕೊಂಡೆ.

ಪರೀಕ್ಷೆಗಳು ಮುಗಿದ ಒಂದು ಏಪ್ರಿಲ್ ಸಂಜೆ, ಶಾಲೆಯಲ್ಲಿ ಉತ್ತರಪತ್ರಿಕೆ ತಿದ್ದಿ ತಡವಾಗಿ ಬಂದೆ. ಸೀದಾ ಹಿತ್ತಲಿಗೆ ಹೋಗಿ ಮಾವನ ಜೊತೆ ಮಾತಾಡುತ್ತಾ ನಿಂತಿದ್ದೆ. ಗಂಡ ಅಲ್ಲಿಗೇ ಬಂದ. ಎಲ್ಲಿಗೆ ಹೋಗಿದ್ದೆ ಎಂದು ಕೇಳಿದ, ನಾನು ಹೇಳಿದ್ದನ್ನು ನಂಬಲಿಲ್ಲ. ಕೆನ್ನೆಗೆ ಹೊಡೆದು, ತೋಳು ಹಿಡಿದು ನೂಕಿದ. ಬೆಂಚಿನ ಮೂಲೆಗೆ ಬಿದ್ದೆ. ಮಣಿಕಟ್ಟು ಲಟಕ್ಕೆಂದಿತು. ಮಾವ ಎರಡಡಿ ದೂರದಲ್ಲಿ ಕೀಸುಳಿ ಹಿಡಿದು ನಿಂತಿದ್ದರು.

ಮಗ ಒಳಗೆ ಹೋದ ಮೇಲೆ ಅವರು ನನ್ನನ್ನು ಎಬ್ಬಿಸಿ ಕೂರಿಸಿದರು. ಮರದ ಎರಡು ತೆಳು ಪಟ್ಟಿ ಆರಿಸಿ, ಚುಚ್ಚದಂತೆ ಅಂಚು ಉಜ್ಜಿ, ಮಣಿಕಟ್ಟಿಗೆ ಒತ್ತಿ ಟವೆಲ್ ಹರಿದು ಕಟ್ಟಿದರು. ಆಟೋದಲ್ಲಿ ಕೂತ ಮೇಲೆ ಹೇಳಿದರು, "ಸ್ವಲ್ಪ ಅಡ್ಜಸ್ಟ್ ಮಾಡ್ಕೊಂಡು ಹೋಗಮ್ಮ. ಅವನು ಕೋಪ ಬಂದಾಗ ಅಂಗೇ. ಮನಸ್ಸು ಕೆಟ್ಟದ್ದಲ್ಲ."

ಆಸ್ಪತ್ರೆಯಲ್ಲಿ ಡಾಕ್ಟರು ಹೇಗಾಯಿತೆಂದು ನನ್ನನ್ನು ಕೇಳಿದರು. ಉತ್ತರ ಕೊಟ್ಟವರು ಮಾವ. "ಜಾರಿ ಬಿದ್ಲು ಡಾಕ್ಟ್ರೆ." ಡಾಕ್ಟರು ಅದನ್ನು ಬರೆದುಕೊಂಡು, "ಪಟ್ಟಿ ಯಾರು ಕಟ್ಟಿದ್ದು? ಬಹಳ ನೀಟಾಗಿದೆ" ಎಂದರು. ನಾನು ಅಂದು ಬಾಯಿ ಬಿಡಲಿಲ್ಲ. ಅದು ನನ್ನ ತಪ್ಪು, ಅದನ್ನು ಯಾರ ಮೇಲೂ ಹಾಕುವುದಿಲ್ಲ.

ಆಸ್ಪತ್ರೆಯಿಂದ ಆ ಮನೆಗೆ ಹಿಂತಿರುಗಲಿಲ್ಲ. ಲಷ್ಕರ್ ಮೊಹಲ್ಲಾದಲ್ಲಿ ಟೈಲರ್ ಅಂಗಡಿಯ ಮೇಲೆ ಒಂದು ರೂಮು ಹಿಡಿದೆ, ಕೇಸು ಹಾಕಿದೆ. ಗಂಡನ ಕಡೆಯ ಸಾಕ್ಷಿ ಮಾವನೇ ಎಂದು ನನ್ನ ವಕೀಲರು ಹೇಳಿದರು. ವಿಚಾರಣೆಗೆ ಒಂದು ವಾರವಿರುವಾಗ ಮಾವ ಹುಡುಕಿಕೊಂಡು ರೂಮಿಗೆ ಬಂದರು. ಕೈಯಲ್ಲಿ ನಾನು ಬಳಸುತ್ತಿದ್ದ ಸಣ್ಣ ಕೀಸುಳಿ, ಪೇಪರಿನಲ್ಲಿ ಸುತ್ತಿದ್ದು. ಅದನ್ನು ಕಿಟಕಿಯ ಮೇಲಿಟ್ಟು ಕೂತರು. ಟೀ ಕೊಟ್ಟೆ.

"ನಾನು ನೋಡ್ದೆ ಕಣಮ್ಮ" ಎಂದರು. "ಆವತ್ತು. ಎಲ್ಲಾ ನೋಡ್ದೆ."

"ನನಗೆ ಗೊತ್ತು ಮಾವ. ಇಲ್ಲಿ ಹೇಳೋದನ್ನ ಅಲ್ಲಿ ಹೇಳಿ. ಇನ್ನೇನೂ ಕೇಳಲ್ಲ ನಾನು."

ಉಗುರಿನ ಸೀಳನ್ನು ಕೆರೆಯುತ್ತಾ ಕೂತರು. ಟೀ ಆರಿತು.

"ಮಗ ಕಣಮ್ಮ ಅವನು."

"ನಾನು?"

ಎದ್ದು ಚಪ್ಪಲಿ ಮೆಟ್ಟಿದರು. ಮೆಟ್ಟಿಲು ಇಳಿಯುವಾಗ, "ನೋಡ್ತೀನಿ" ಎಂದರು. ಆ ಒಂದು ಮಾತು ಹಿಡಿದುಕೊಂಡು ನಾನು ಒಂದು ವಾರ ಕಳೆದೆ. ಹೇಳುತ್ತಾರೆ, ಹೇಳೇ ಹೇಳುತ್ತಾರೆ ಎಂದು ಜೊತೆಯ ಟೀಚರಿಗೂ ಹೇಳಿಕೊಂಡೆ.

ವಿಚಾರಣೆಯ ದಿನ ಮಾವ ಇಸ್ತ್ರಿ ಮಾಡಿದ ಬಿಳಿ ಶರಟು ಹಾಕಿಕೊಂಡು ಕೋರ್ಟಿಗೆ ಬಂದಿದ್ದರು. ನನ್ನ ವಕೀಲರು ಕೇಳಿದರು, "ಆ ದಿನ ನೀವು ಹಿತ್ತಲಲ್ಲಿ ಇದ್ರಾ?"

"ಇದ್ದೆ."

"ಏನು ನೋಡಿದ್ರಿ?"

"ಜಾರಿ ಬಿದ್ಲು ಸ್ವಾಮಿ. ನೆಲ ಒದ್ದೆಯಾಗಿತ್ತು."

ಏಪ್ರಿಲ್ ತಿಂಗಳ ಹಿತ್ತಲು, ಒಣಗಿ ಬಿರುಕು ಬಿಟ್ಟಿದ್ದ ನೆಲ. ನೆಲ ಒದ್ದೆಯಿತ್ತೇ ಎಂದು ಅವರನ್ನು ಯಾರೂ ಕೇಳಿರಲಿಲ್ಲ, ತಾವೇ ಸೇರಿಸಿದರು. ಕೆಲಸದಲ್ಲಿ ಸಂದಿ ಬಿಡುವ ಅಭ್ಯಾಸ ಅವರಿಗೆ ಇರಲಿಲ್ಲ. ಕಟಕಟೆ ಇಳಿದು ಹೋಗುವಾಗ ನಾನು ಕೂತಿದ್ದ ಬೆಂಚಿನ ಪಕ್ಕದಲ್ಲೇ ಹಾದುಹೋದರು. ಅವರಾಗಲಿ ನಾನಾಗಲಿ ಮುಖ ಎತ್ತಲಿಲ್ಲ.

ಹೊಡೆದದ್ದು ಸಾಬೀತಾಗಲಿಲ್ಲ. ಕಡೆಗೆ ಇಬ್ಬರೂ ಒಪ್ಪಿ ಬೇರೆಯಾಗುತ್ತಿದ್ದೇವೆ ಎಂದು ಸಹಿ ಹಾಕಿ ಬಿಡುಗಡೆ ತೆಗೆದುಕೊಂಡೆ. ನನ್ನ ಸಾಮಾನಿನ ಪಟ್ಟಿಯಲ್ಲಿ ಗುರಾಣಿಯನ್ನು ಬರೆಸಲೇ ಎಂದು ವಕೀಲರು ಕೇಳಿದರು. ಬೇಡ ಎಂದೆ.

ಅವರು ಕಲಿಸಿದ್ದು ಮಾತ್ರ ನನ್ನಿಂದ ಹೋಗಿಲ್ಲ. ಶಾಲೆಯಲ್ಲಿ ಕಾಲು ಮುರಿದ ಡೆಸ್ಕುಗಳನ್ನು ಶನಿವಾರ ಮಧ್ಯಾಹ್ನ ನಾನೇ ಸರಿಮಾಡುತ್ತೇನೆ. ಹಲಗೆ ಎತ್ತಿ ಬೆಳಕಿಗೆ ಹಿಡಿದಾಗಲೆಲ್ಲ ಅವರ ದನಿ ಕೇಳುತ್ತದೆ, ಅದರ ಹಿಂದೆಯೇ ಸಿಟ್ಟೂ ಬರುತ್ತದೆ. ಗಂಡನ ಮೇಲೆ ನನಗೆ ಈಗ ಅಷ್ಟು ಸಿಟ್ಟಿಲ್ಲ. ಅವನಿಂದ ನಾನು ಏನನ್ನೂ ನಿರೀಕ್ಷಿಸಿರಲಿಲ್ಲ.

ಹೋದ ವರ್ಷ ಆ ಬೀದಿಯ ಹೆಂಗಸೊಬ್ಬರು ಶಾಲೆಗೆ ಫೋನು ಮಾಡಿ ಹೇಳಿದರು, ಮಾವನಿಗೆ ಬೆಳಿಗ್ಗೆ ಹೃದಯಾಘಾತ ಆಯಿತಂತೆ, ಆಸ್ಪತ್ರೆ ತಲುಪಲಿಲ್ಲವಂತೆ. ಹೋಗಬಾರದು ಎಂದುಕೊಂಡೇ ಆಟೋ ಹತ್ತಿದೆ. ಮನೆ ಮುಂದೆ ಶಾಮಿಯಾನ. ಮಗ ಫೋನಿನಲ್ಲಿ ಮಾತಾಡುತ್ತಾ ನನ್ನನ್ನು ಕಂಡು ಆ ಕಡೆ ತಿರುಗಿಕೊಂಡ. ಜನ ಗುಸುಗುಟ್ಟಿದರು. ಅತ್ತೆ ಮಾತ್ರ ನನ್ನ ಕೈ ಹಿಡಿದುಕೊಂಡು ಅತ್ತರು.

"ಈಚೀಚೆಗೆ ದಿನಾ ನಿನ್ನನ್ನೇ ಕೇಳ್ತಿದ್ರು ಕಣೇ. ಅವಳು ಬರ್ತಾಳಾ, ಬರ್ತಾಳಾ ಅಂತ."

"ಬಂದಿದೀನಲ್ಲ ಅತ್ತೆ" ಎಂದೆ.

ಅತ್ತೆ ನನ್ನ ಕೈಗೆ ನೀರಿನ ಲೋಟ ಕೊಟ್ಟರು, ಬಾಯಿಗೆ ಬಿಡು ಎಂದರು. ಬಗ್ಗಿ, ಚಾಪೆಯ ಮೇಲೆ ಮಲಗಿಸಿದ್ದ ಮಾವನ ತುಟಿಯ ಮೇಲೆ ಒಂದು ಉದ್ಧರಣೆಯಷ್ಟು ಬಿಟ್ಟೆ. ಬಾಯಿ ತೆರೆಯಲಿಲ್ಲ. ನೀರು ಕೆನ್ನೆಯ ಮೇಲಿಂದ ಇಳಿದು ಚಾಪೆಗೆ ಹೋಯಿತು.