ಸೇಂದಿ ಅಂಗಡಿಗೆ ಹನ್ನೆರಡು ನಿಮಿಷ

ಹೈದರಾಬಾದ್ ಸುತ್ತಮುತ್ತಲಿನ ಟೆಂಟ್ ಕ್ಯಾಂಪುಗಳನ್ನ ನೋಡಿ ಬಂದು ಒಂದು ಟ್ರಾವೆಲ್ ಆ್ಯಪಿಗೆ ವಿವರ ಬರಿಯೂದು ನನ್ನ ಕೆಲಸ. ಹಳ್ಳಿ, ಸೇಂದಿ ಅಂಗಡಿ ನಡಕೊಂಡು ಹೋಗುವಷ್ಟು ಹತ್ತಿರ ಅಂತ ಬರದ್ರ ಸಾಕು, ಪ್ಯಾಟಿ ಮಂದಿ ಓಡಿ ಬರತಾರ. ವಿಕಾರಾಬಾದ್ ಕಡೆ ಒಂದು ಕ್ಯಾಂಪಿನಿಂದ ಗಡಿಯಾರ ನೋಡಕೋತ ಹೊಂಟೆ. ಹನ್ನೆರಡು ನಿಮಿಷಕ್ಕ ಅಂಗಡಿ ಬಂತು.

ಅಂಗಡಿ ನಡಸೂ ಹೆಣ್ಣುಮಗಳ ತವರು ಸೇಡಂ. ನಾ ಫೋನಿನಾಗ ಕ್ಯಾಂಪಿನ ಸುದ್ದಿ ಕನ್ನಡದಾಗ ಮಾತಾಡೂದು ಕೇಳಿ ಹತ್ತಿರ ಬಂದಳು.

"ಕ್ಯಾಂಪಿನಾಗ ಬಾವಿ ಬಾಜೂಕ ಈಚಲ ಗಿಡ ಇನ್ನೂ ಐತೇನ್ರಿ?"

"ಐತ್ರಿ. ಲೈಟಿನ ಸರ ಸುತ್ಯಾರ."

"ನನ್ನ ಗಂಡ ಅದರ ಮ್ಯಾಲಿಂದ ಬಿದ್ದು ಸತ್ತ. ವರ್ಷಾ ಮೊದಲನೇ ಸೇಂದಿ ಅದರ ಬುಡಕ್ಕ ಹಾಕತಿದ್ದೆ. ಗೇಟು ಕೂಡಿಸಿದ ಮ್ಯಾಲ ನಮ್ಮನ್ನ ಒಳಗ ಬಿಡವಲ್ರು."

ಒಂದು ಬಾಟಲಿ ತುಂಬಿ ಕೈಯಾಗ ಇಟ್ಟಳು. "ನೀವರ ಹಾಕ್ರಿ."

ಗೇಟಿನ ಕಾವಲುಗಾರ ನನ್ನ ತಡದ. ಯಾರಿಗಂತ ತಂದೀನಿ ಅನ್ನೂದು ಹೇಳಿದೆ. ತಲಿ ತಗ್ಗಿಸಿದ, ಆದ್ರ ಬಿಡಲಿಲ್ಲ. "ಹೊಟ್ಟ್ಯಾಗ ತರಬಹುದು ಸಾರ್, ಬಾಟಲಿಯಾಗ ತರೂಹಂಗಿಲ್ಲ. ರೂಲ್."

ಗೇಟಿನ ಕಂಬದ ಬುಡಕ್ಕ ಸುರುವಿ, ಒಳಗ ಬಂದು ಫಾರ್ಮ್ ತುಂಬಿದೆ. ಕ್ಯಾಂಪಿನಿಂದ ಹಳ್ಳಿಗೆ ಹನ್ನೆರಡು ನಿಮಿಷ. ಹಳ್ಳಿಯಿಂದ ಕ್ಯಾಂಪಿಗೆ ಎಷ್ಟು ಅಂತ ನಮ್ಮ ಫಾರ್ಮಿನಾಗ ಕೇಳೂದಿಲ್ಲ.